ಅಂಧ ಮಕ್ಕಳ ಗಣಿತ: ರಿಯಾಯಿತಿಯೋ, ನಿರಾಕರಣೆಯೋ?

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿ ಪ್ರಕಟವಾದಾಗ ನಾವೆಲ್ಲ ನಮ್ಮ ಮಕ್ಕಳ ವಿಷಯವನ್ನಷ್ಟೇ ಹುಡುಕಿ ಪತ್ರಿಕೆ ಮಡಚಿಡುತ್ತೇವೆ. ಆ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಬೇಕು. 2024ರ ಪಟ್ಟಿಯನ್ನೇ ನೋಡಿ. ಗಣಿತ ಪರೀಕ್ಷೆಯ ದಿನ ಗಣಿತದ ಪಕ್ಕದಲ್ಲೇ ಸಮಾಜಶಾಸ್ತ್ರ ಎಂದಿದೆ. ವಿಜ್ಞಾನದ ದಿನ ಅದರ ಪಕ್ಕದಲ್ಲಿ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎಂದಿದೆ. ಹತ್ತನೇ ತರಗತಿಯಲ್ಲಿ ಸಮಾಜಶಾಸ್ತ್ರ ಓದುವವರು ಯಾರು? ಅಂಗವಿಕಲ ಮಕ್ಕಳು. ಗಣಿತ, ವಿಜ್ಞಾನ ಬೇಡವೆನ್ನುವ ಅಂಗವಿಕಲ ವಿದ್ಯಾರ್ಥಿಗಳಿಗೆ ಮಂಡಳಿ ಮಾಡಿಕೊಟ್ಟ ಬದಲಿ ವ್ಯವಸ್ಥೆ ಇದು. ಇದನ್ನು ನಾವು ರಿಯಾಯಿತಿ ಎಂದು ಕರೆಯುತ್ತೇವೆ. ಅಂಧ ಮಗುವಿನ ಮಟ್ಟಿಗೆ ಇದು ನಿಜಕ್ಕೂ ರಿಯಾಯಿತಿಯೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಂತಿಲ್ಲ.

ಈ ಪ್ರಶ್ನೆಯನ್ನು ದಾವಣಗೆರೆ ಮತ್ತು ಹರಿಹರದ ನೆಲದಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಅಂಧ ಹೆಣ್ಣುಮಕ್ಕಳಿಗಾಗಿ ಸರಕಾರವೇ ನಡೆಸುವ ಶಾಲೆ ದಾವಣಗೆರೆಯಲ್ಲಿದೆ. ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರವೂ ಅಲ್ಲೇ ಇದೆ. ಅಲ್ಲಿಂದ 14 ಕಿಲೋಮೀಟರ್ ದೂರದ ಹರಿಹರದಲ್ಲಾಗಲೀ ಅದರ ಸುತ್ತಿನ ಹಳ್ಳಿಗಳಲ್ಲಾಗಲೀ ಒಂದು ಅಂಧ ಮಗುವಿದ್ದರೆ ಅದರ ಮುಂದೆ ಎರಡು ದಾರಿಗಳಿವೆ. ಮನೆ ಬಿಟ್ಟು ವಿಶೇಷ ಶಾಲೆಗೆ ಹೋಗುವುದು ಒಂದು. ಊರಿನ ಶಾಲೆಯಲ್ಲೇ ಕಣ್ಣಿರುವ ಮಕ್ಕಳ ನಡುವೆ ಕುಳಿತು, ಸಮಗ್ರ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಬಂದಾಗ ನೆರವು ಪಡೆಯುವುದು ಇನ್ನೊಂದು. ಯಾವ ದಾರಿ ಹಿಡಿದರೂ ಎಂಟನೆಯ, ಒಂಬತ್ತನೆಯ ತರಗತಿಗೆ ಬರುವಾಗ ಒಂದು ಗೋಡೆ ಎದುರಾಗುತ್ತದೆ. ಅದರ ಹೆಸರು ಗ್ರಾಫ್. ಯಾವುದೋ ಒಂದು ಶಾಲೆಯನ್ನೋ ಶಿಕ್ಷಕರನ್ನೋ ದೂರುವುದು ನಮ್ಮ ಉದ್ದೇಶವಲ್ಲ. ಆ ಗೋಡೆ ಯಾವುದರಿಂದ ಕಟ್ಟಿದ್ದು ಎಂದು ನೋಡುವುದಷ್ಟೇ ನಮ್ಮ ಉದ್ದೇಶ.

ಕೂಡುವ, ಕಳೆಯುವ, ಗುಣಿಸುವ ಲೆಕ್ಕಗಳಲ್ಲಿ ಅಂಧ ಮಗು ಹಿಂದೆ ಬೀಳುವುದಿಲ್ಲ. ಅಬ್ಯಾಕಸ್‌ನ ಮಣಿಗಳಿವೆ. ಟೇಲರ್ ಫ್ರೇಮ್ ಇದೆ. ಎಂಟು ಮೂಲೆಗಳ ರಂಧ್ರಗಳಿರುವ ಆ ಹಲಗೆಯಲ್ಲಿ ಒಂದು ಸಣ್ಣ ಲೋಹದ ಅಚ್ಚನ್ನು ಎಂಟು ದಿಕ್ಕಿಗೆ ತಿರುಗಿಸಿ ನೆಡಬಹುದು. ಅಚ್ಚಿನ ಎರಡು ತುದಿಗಳೂ ಬೇರೆಬೇರೆಯಾಗಿರುವುದರಿಂದ ಒಟ್ಟು 16 ಚಿಹ್ನೆಗಳು ಸಿಗುತ್ತವೆ. ಅಂಕಿಗಳಿಗೂ ಕೂಡು ಕಳೆ ಚಿಹ್ನೆಗಳಿಗೂ ಅಷ್ಟು ಸಾಕು. ಆದರೆ ಟೇಲರ್ ಫ್ರೇಮಿನಲ್ಲಿ ಬರೆದದ್ದು ಸಾಲಿನಲ್ಲಿ ಸಾಗುತ್ತದೆ. ಒಂದು ರೇಖೆ ಏರುವುದನ್ನು, ಇಳಿಯುವುದನ್ನು, ಇನ್ನೊಂದನ್ನು ಅಡ್ಡಹಾಯುವುದನ್ನು ಅದು ತೋರಿಸಲಾರದು. ಹತ್ತನೇ ತರಗತಿಯಲ್ಲಿ ಎರಡು ಚರಾಕ್ಷರಗಳ ಸಮೀಕರಣಗಳನ್ನು ನಕ್ಷೆಯ ಮೂಲಕ ಬಿಡಿಸಿ ಎಂಬ ಪ್ರಶ್ನೆ ಬಂದಾಗ ಮಗುವಿಗೆ ಬೇಕಾದದ್ದು ಸಾಲು ಅಲ್ಲ, ಬಯಲು.

ಈ ಬಯಲನ್ನು ಬೆರಳಿಗೆ ಒದಗಿಸುವುದು ಕಷ್ಟವೇ? ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ದಾವಣಗೆರೆಯಿಂದ ಒಂದು ಬಸ್ಸು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹರಿಹರಕ್ಕೆ ಹೊರಡುತ್ತದೆ. ಅದೇ ಹೊತ್ತಿಗೆ ಹರಿಹರದಿಂದ ಒಬ್ಬ ಸೈಕಲ್ ಸವಾರ ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ದಾವಣಗೆರೆಯತ್ತ ಹೊರಡುತ್ತಾನೆ. ಅವರಿಬ್ಬರೂ ಎಲ್ಲಿ, ಯಾವಾಗ ಸಂಧಿಸುತ್ತಾರೆ? ಒಂದು ಮರದ ಹಲಗೆ, ಅದರಲ್ಲಿ ಸಮಾನ ಅಂತರದ ರಂಧ್ರಗಳು, ಕೆಲವು ಮೊಳೆಗಳು, ಎರಡು ಬಗೆಯ ದಾರ ಇದ್ದರೆ ಸಾಕು. ಕೆಳಗಿನ ಅಂಚಿನಲ್ಲಿ ಒಂದು ಮನೆಗೆ 2 ನಿಮಿಷ, ಎಡದ ಅಂಚಿನಲ್ಲಿ ಒಂದು ಮನೆಗೆ 1 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಕೆಳಗಿನ ಎಡಮೂಲೆ ದಾವಣಗೆರೆ. ಅಲ್ಲಿಂದ ನೇರ ಮೇಲಕ್ಕೆ ಹದಿನಾಲ್ಕನೆಯ ಮನೆ ಹರಿಹರ. ಬಸ್ಸಿನ ದಾರ ದಾವಣಗೆರೆಯಿಂದ ಹೊರಟು ಒಂದು ಮನೆ ಬಲಕ್ಕೆ ಹೋದಾಗ ಒಂದು ಮನೆ ಏರುತ್ತದೆ. ಸೈಕಲ್ಲಿನ ದಾರ ಹರಿಹರದಿಂದ ಹೊರಟು ಐದು ಮನೆ ಬಲಕ್ಕೆ ಹೋದಾಗ ಎರಡು ಮನೆ ಇಳಿಯುತ್ತದೆ. ಬಸ್ಸಿಗೆ ನಯವಾದ ದಾರ, ಸೈಕಲ್ಲಿಗೆ ಒರಟು ಹುರಿ ಇರಲಿ. ಮಗುವಿನ ಎರಡು ಕೈಗಳು ಎರಡು ದಾರಗಳ ಮೇಲೆ ಜಾರುತ್ತಾ ಹೋಗಿ ಒಂದು ಮೊಳೆಯ ಬಳಿ ಕೂಡುತ್ತವೆ. ಬಲಕ್ಕೆ ಎಣಿಸಿದರೆ ಹತ್ತು ಮನೆ, ಅಂದರೆ 20 ನಿಮಿಷ. ಮೇಲಕ್ಕೆ ಎಣಿಸಿದರೆ ಹತ್ತು ಮನೆ, ಅಂದರೆ ದಾವಣಗೆರೆಯಿಂದ 10 ಕಿಲೋಮೀಟರ್. ಕಡಿದಾದ ದಾರ ವೇಗದ್ದು, ಓರೆಯಾದ ದಾರ ನಿಧಾನದ್ದು ಎಂಬ ಅರಿವು ಸೂತ್ರ ಹೇಳಿಕೊಡುವ ಮೊದಲೇ ಬೆರಳಿಗೆ ಬಂದುಬಿಡುತ್ತದೆ. ಕಣ್ಣಿರುವ ಎಷ್ಟೋ ಮಕ್ಕಳಿಗೆ ಗ್ರಾಫ್ ಹಾಳೆಯಲ್ಲಿ ಇದು ಸುಲಭಕ್ಕೆ ಹೊಳೆಯುವುದಿಲ್ಲ.

ಇದು ಹೊಸ ಸಂಶೋಧನೆಯೂ ಅಲ್ಲ. ಇಂಗ್ಲೆಂಡಿನ ನಿಕೋಲಸ್ ಸಾಂಡರ್ಸನ್ (1682-1739) ಒಂದು ವರ್ಷದ ಕೂಸಾಗಿದ್ದಾಗಲೇ ಸಿಡುಬಿನಿಂದ ದೃಷ್ಟಿ ಕಳೆದುಕೊಂಡವರು. 1711ರಲ್ಲಿ ಅವರು ಕೇಂಬ್ರಿಜ್‌ನಲ್ಲಿ ಗಣಿತದ ಲೂಕಾಸಿಯನ್ ಪ್ರಾಧ್ಯಾಪಕರಾದರು. ಹಿಂದೆ ನ್ಯೂಟನ್ ಕುಳಿತಿದ್ದ ಪೀಠವದು. ರಂಧ್ರಗಳ ಹಲಗೆಯಲ್ಲಿ ದೊಡ್ಡ ತಲೆಯ, ಸಣ್ಣ ತಲೆಯ ಗುಂಡುಪಿನ್ನುಗಳನ್ನು ನೆಟ್ಟು ಅವರು ಲೆಕ್ಕ ಮಾಡುತ್ತಿದ್ದರು. ಪಿನ್ನುಗಳಿಗೆ ದಾರ ಸುತ್ತಿ ರೇಖಾಗಣಿತದ ಆಕೃತಿಗಳನ್ನು ರಚಿಸುತ್ತಿದ್ದರು. ಬೆಳಕನ್ನು ಕಾಣದ ಈ ಮನುಷ್ಯ ಕಣ್ಣಿರುವ ವಿದ್ಯಾರ್ಥಿಗಳಿಗೆ ದ್ಯುತಿಶಾಸ್ತ್ರದ ಪಾಠವನ್ನೂ ಮಾಡಿದರು. ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ. ಅಂದರೆ ಬ್ರೈಲ್ ಲಿಪಿ ಬರುವುದಕ್ಕೆ ನೂರು ವರ್ಷ ಮೊದಲೇ ಮೊಳೆ ಮತ್ತು ದಾರದ ಗಣಿತ ಇತ್ತು.

ಅದಕ್ಕಿಂತಲೂ ಹಿಂದಕ್ಕೆ ಹೋಗಬಹುದು. ಹದಿನಾಲ್ಕನೆಯ ಶತಮಾನದ ಲೇಖಕ ಅಸ್ಸಫದಿ ಅಂಧರ ಜೀವನ ಚರಿತ್ರೆಗಳನ್ನೇ ಒಂದು ಗ್ರಂಥವಾಗಿ ಸಂಕಲಿಸಿದರು. ಅದರಲ್ಲಿ ಬಗ್ದಾದಿನ ವಿದ್ವಾಂಸ ಝೈನುದ್ದೀನ್ ಆಮಿದಿಯ ಕಥೆ ಬರುತ್ತದೆ. ಆಮಿದಿ ಪುಸ್ತಕಗಳ ವ್ಯಾಪಾರಿಯೂ ಆಗಿದ್ದರು. ಪುಸ್ತಕದ ಬೆಲೆ ನೆನಪಿರಬೇಕಲ್ಲ? ಅವರು ಕಾಗದವನ್ನು ಹೊಸೆದು ಅಕ್ಷರದ ಆಕಾರಕ್ಕೆ ಬಗ್ಗಿಸಿ ರಟ್ಟಿನ ಒಳಬದಿಗೆ ಅಂಟಿಸಿಡುತ್ತಿದ್ದರು. ಅರಬಿಯಲ್ಲಿ ಅಕ್ಷರಗಳಿಗೆ ಅಂಕಿಯ ಬೆಲೆಯಿರುವುದರಿಂದ ಬೆರಳಾಡಿಸಿದರೆ ಬೆಲೆ ಗೊತ್ತಾಗುತ್ತಿತ್ತು. ಯಾರ ರಿಯಾಯಿತಿಗೂ ಕಾಯದೆ ಒಬ್ಬ ಅಂಧ ತನಗೆ ಬೇಕಾದ ಸಾಧನವನ್ನು ತಾನೇ ಮಾಡಿಕೊಂಡದ್ದಕ್ಕೆ ಇದು ನಿದರ್ಶನ.

ಹೀಗಿರುವಾಗ ನಮ್ಮಲ್ಲಿ ತೊಡಕಾದದ್ದು ಎಲ್ಲಿ? ಸಾಧನಗಳ ಕುರಿತು ಒಂದಿಷ್ಟು ನಿಷ್ಠುರವಾಗಿ ಮಾತಾಡಬೇಕಾಗಿದೆ. ಸ್ಪರ್ಶದ ನಕ್ಷೆಗಳಲ್ಲಿ ಎರಡು ಬಗೆ. ಮಗು ಓದುವ ನಕ್ಷೆ ಒಂದು, ಮಗು ತಾನೇ ಬರೆಯುವ ನಕ್ಷೆ ಇನ್ನೊಂದು. ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಎಳೆದು ತೆಗೆಯುವ ಉಬ್ಬುಚಿತ್ರಗಳು, ಶಾಖ ತಾಗಿದ ಕಡೆ ಗೆರೆ ಉಬ್ಬುವ ವಿಶೇಷ ಕಾಗದ, ಬ್ರೈಲ್ ಮುದ್ರಣ ಯಂತ್ರದಲ್ಲಿ ಚುಕ್ಕಿಚುಕ್ಕಿಯಾಗಿ ಮೂಡುವ ಚಿತ್ರ, ಇವೆಲ್ಲ ಓದುವ ನಕ್ಷೆಗಳು. ಪಠ್ಯಪುಸ್ತಕಕ್ಕೆ ಇವು ಬೇಕೇ ಬೇಕು. ದಿಲ್ಲಿಯ ಐಐಟಿಯಲ್ಲಿ ಪ್ರೊ. ಎಂ. ಬಾಲಕೃಷ್ಣನ್ ಮತ್ತು ಅವರ ಸಂಗಡಿಗರು ಈ ಕೆಲಸವನ್ನು ಗಂಭೀರವಾಗಿ ಕೈಗೆತ್ತಿಕೊಂಡರು. ಅಲ್ಲಿಂದ ಹುಟ್ಟಿದ ರೈಸ್ಡ್ ಲೈನ್ಸ್ ಫೌಂಡೇಶನ್ ಎನ್‌ಸಿಇಆರ್‌ಟಿ ಪುಸ್ತಕಗಳ ಚಿತ್ರಗಳನ್ನು ಸ್ಪರ್ಶಕ್ಕೆ ಸಿಗುವಂತೆ ತಯಾರಿಸುತ್ತಾ ಬಂದಿದೆ. ಆದರೆ ಮುದ್ರಿತ ಚಿತ್ರವನ್ನು ಇದ್ದಂತೆಯೇ ಉಬ್ಬಿಸಿಬಿಟ್ಟರೆ ಕೆಲಸ ಮುಗಿಯಿತು ಎಂದು ತಿಳಿಯುವುದು ದೊಡ್ಡ ತಪ್ಪು.

ಕಣ್ಣು ಇಡೀ ಚಿತ್ರವನ್ನು ಒಂದೇ ಬಾರಿಗೆ ಹಿಡಿಯುತ್ತದೆ. ಬೆರಳ ತುದಿ ಒಂದು ಸಲಕ್ಕೆ ಒಂದು ಚೂರನ್ನಷ್ಟೇ ಹಿಡಿಯುತ್ತದೆ, ಮಿಕ್ಕದ್ದನ್ನು ಮನಸ್ಸು ಜೋಡಿಸಿಕೊಳ್ಳಬೇಕು. ಆದ್ದರಿಂದ ಚೌಕಗಳ ಗೆರೆ ತಗ್ಗಾಗಿರಬೇಕು, ಅಕ್ಷಗಳ ಗೆರೆ ಅದಕ್ಕಿಂತ ಎದ್ದಿರಬೇಕು, ಸಮೀಕರಣದ ರೇಖೆ ಎಲ್ಲಕ್ಕಿಂತ ಎತ್ತರವಾಗಿರಬೇಕು. ಎರಡು ಗೆರೆಗಳ ನಡುವೆ ಕನಿಷ್ಠ 3 ಮಿಲಿಮೀಟರ್ ಅಂತರವಿಲ್ಲದಿದ್ದರೆ ಬೆರಳಿಗೆ ಅವು ಒಂದೇ ಗೆರೆ. ಒಂದು ಬ್ರೈಲ್ ಅಕ್ಷರ ಸುಮಾರು 6 ಮಿಲಿಮೀಟರ್ ಅಗಲದ ಜಾಗ ಬೇಡುತ್ತದೆ. ಅದನ್ನು ಕುಗ್ಗಿಸಲು ಬರುವುದಿಲ್ಲ. ಹೀಗಾಗಿ ಮುದ್ರಿತ ಪುಸ್ತಕದ ಕಾಲುಪುಟದ ಚಿತ್ರಕ್ಕೆ ಇಲ್ಲಿ ಒಂದು ಪೂರ್ಣ ಹಾಳೆ ಬೇಕಾಗುತ್ತದೆ. ಇದನ್ನೆಲ್ಲ ಯೋಚಿಸದೆ ತಯಾರಿಸಿದ ನಕ್ಷೆ ಮಗುವಿನ ಕೈಗೆ ಬರೀ ಗೊಂದಲವನ್ನು ಕೊಡುತ್ತದೆ. ಕೊನೆಗೆ, ಇವರಿಗೆ ಗ್ರಾಫ್ ಅರ್ಥವಾಗುವುದಿಲ್ಲ ಎಂಬ ತೀರ್ಪು ಬರುತ್ತದೆ. ಸೋತದ್ದು ನಕ್ಷೆ, ಸೋತವರೆಂಬ ಹೆಸರು ಮಗುವಿಗೆ.

ಬರೆಯುವ ನಕ್ಷೆಯ ವಿಷಯದಲ್ಲಿ ನಮ್ಮ ಬಡತನ ಇನ್ನೂ ಹೆಚ್ಚು. ಮೊಳೆ ಮತ್ತು ರಬ್ಬರ್ ಬ್ಯಾಂಡಿನ ಹಲಗೆ ನೇರ ರೇಖೆಗೆ ಒಳ್ಳೆಯದು, ವಕ್ರರೇಖೆಗೆ ಒಗ್ಗುವುದಿಲ್ಲ. ಮುಂದಿನ ಲೆಕ್ಕಕ್ಕೆ ಹೋಗುವಾಗ ಹಿಂದಿನದನ್ನು ಬಿಚ್ಚಲೇಬೇಕು, ಹಾಗಾಗಿ ಮಗುವಿನ ಬಳಿ ತಾನು ಮಾಡಿದ ಲೆಕ್ಕದ ದಾಖಲೆ ಉಳಿಯುವುದಿಲ್ಲ. ರಬ್ಬರ್ ಹಾಸಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯಿಟ್ಟು ಕಡ್ಡಿಯಿಂದ ಗೀಚಿದರೆ ಗೆರೆ ಆ ಕ್ಷಣವೇ ಉಬ್ಬಿ ಬೆರಳಿಗೆ ಸಿಗುತ್ತದೆ. ವಕ್ರರೇಖೆಯೂ ಬರುತ್ತದೆ, ಹಾಳೆಯನ್ನು ಜೋಪಾನ ಮಾಡಿಡಲೂಬಹುದು. ಆದರೆ ತಪ್ಪು ಗೆರೆಯನ್ನು ಅಳಿಸುವುದು ಕಷ್ಟ. ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕಲು ಬಳಸುವ ಹಲ್ಲಿನ ಗಾಲಿಯೂ ಒಳ್ಳೆಯ ಸಾಧನವೇ. ದಪ್ಪ ಕಾಗದದ ಹಿಂಬದಿಯಲ್ಲಿ ಅದನ್ನು ಓಡಿಸಿದರೆ ಮುಂಬದಿಯಲ್ಲಿ ಚುಕ್ಕಿಗಳ ಸಾಲು ಏಳುತ್ತದೆ. ಆದರೆ ಚಿತ್ರ ಎಡಬಲ ಅದಲುಬದಲಾಗುವುದರಿಂದ ಶಿಕ್ಷಕರು ಅದನ್ನು ತಿರುಗಿಸಿ ಬರೆಯಬೇಕು. ಒಂದೇ ಸಾಧನದಲ್ಲಿ ಎಲ್ಲವೂ ಸಿಗಲಾರದು. ಪೆನ್ಸಿಲು, ಪೆನ್ನು, ಕೈವಾರ, ಕೋನಮಾಪಕ ಎಂದು ಕಣ್ಣಿರುವ ಮಗುವಿಗೆ ಒಂದು ಪೆಟ್ಟಿಗೆಯನ್ನೇ ಕೊಡುವ ನಾವು ಅಂಧ ಮಗು ಒಂದೇ ಟೇಲರ್ ಫ್ರೇಮಿನಲ್ಲಿ ಎಲ್ಲವನ್ನೂ ಮಾಡಿ ಮುಗಿಸಬೇಕೆಂದು ಬಯಸುತ್ತೇವೆ.

ಓದಲು ಚಿತ್ರವಿಲ್ಲದೆ, ಬರೆಯಲು ಹಲಗೆಯಿಲ್ಲದೆ ಬೆಳೆದ ಮಗುವನ್ನು ಒಂಬತ್ತನೇ ತರಗತಿಯ ಹೊಸ್ತಿಲಲ್ಲಿ ನಿಲ್ಲಿಸಿ ನಾವು ಕೇಳುತ್ತೇವೆ: ನಿನಗೆ ಗಣಿತ ಬೇಕೋ, ಸಮಾಜಶಾಸ್ತ್ರ ಬೇಕೋ? ಮಗು ಸಮಾಜಶಾಸ್ತ್ರ ಎನ್ನುತ್ತದೆ. ಅದನ್ನು ನಾವು ಮಗುವಿನ ಆಯ್ಕೆ ಎಂದು ದಾಖಲಿಸುತ್ತೇವೆ.

ಈ ವಾದಕ್ಕೆ ಎದುರಾಗಿ ಶಿಕ್ಷಕರಿಗೂ ತಂದೆತಾಯಿಗಳಿಗೂ ಹೇಳಲು ಮಾತಿದೆ. ಗಣಿತವೊಂದರಲ್ಲಿ ಫೇಲಾಗಿ ಮಗುವಿನ ವಿದ್ಯಾಭ್ಯಾಸವೇ ನಿಂತುಹೋದರೆ ಯಾರು ಹೊಣೆ? ಪಾಸಾಗಲಿ, ಒಂದು ದಾರಿ ಕಾಣಲಿ ಎಂಬ ಕಾಳಜಿ ಅವರದ್ದು. ಈ ಕಾಳಜಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬದಲಿ ವಿಷಯವನ್ನು ನಾಳೆಯೇ ರದ್ದುಪಡಿಸಬೇಕೆಂದೂ ಹೇಳುವುದಿಲ್ಲ, ಹಾಗೆ ಮಾಡಿದರೆ ಪೆಟ್ಟು ಬೀಳುವುದು ಮಕ್ಕಳಿಗೇ. ಆದರೆ 15 ವರ್ಷಕ್ಕೆ ಸಿಕ್ಕ ರಿಯಾಯಿತಿ 22 ವರ್ಷಕ್ಕೆ ಏನಾಗುತ್ತದೆ ಎಂದೂ ನೋಡಬೇಕಲ್ಲ? ಗಣಿತ, ವಿಜ್ಞಾನ ಬಿಟ್ಟ ಮಗುವಿಗೆ ಪಿಯುಸಿಯಲ್ಲಿ ವಿಜ್ಞಾನದ ಬಾಗಿಲು ಮುಚ್ಚುತ್ತದೆ. ಮುಂದೆ ಬ್ಯಾಂಕಿನ ನೇಮಕಾತಿ ಪರೀಕ್ಷೆಗೆ ಕುಳಿತರೆ ಅಲ್ಲಿ ಅಂಕಗಣಿತದ ಸಾಮರ್ಥ್ಯ ಕೇಳುತ್ತಾರೆ. ನಾಗರಿಕ ಸೇವೆಯ ಪ್ರಾಥಮಿಕ ಪರೀಕ್ಷೆಯಲ್ಲೂ ಸಂಖ್ಯಾಜ್ಞಾನದ ಪ್ರಶ್ನೆಗಳಿವೆ. ಸರಕಾರಿ ನೌಕರಿಯಲ್ಲಿ ಅಂಧರಿಗೂ ಮಂದದೃಷ್ಟಿಯವರಿಗೂ ಕಾನೂನು ಶೇ. 1ರ ಮೀಸಲಾತಿ ಕೊಟ್ಟಿದೆ. ಆ ನೌಕರಿಯ ಬಾಗಿಲಲ್ಲಿ ಗಣಿತ ಕೇಳುತ್ತದೆ, ಶಾಲೆ ಮಾತ್ರ ಗಣಿತವನ್ನು ಬಿಡಿಸಿ ಕಳಿಸಿರುತ್ತದೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 17ನೆಯ ಕಲಮನ್ನು ಎಲ್ಲರೂ ಓದಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಎಂದು ಅದು ಉದಾಹರಣೆಗಳನ್ನು ಕೊಡುತ್ತದೆ. ಆ ಉದಾಹರಣೆಗಳಲ್ಲಿ ಗಣಿತದ ವಿನಾಯಿತಿ ಇಲ್ಲ. ಅದೇ ಕಲಮು ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ 18 ವರ್ಷದ ತನಕ ಪುಸ್ತಕ, ಕಲಿಕಾ ಸಾಮಗ್ರಿ, ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆಂದು ಹೇಳುತ್ತದೆ. ಕಾನೂನು ಮೊದಲು ಕೇಳುವುದು ಸಾಧನವನ್ನು. ನಾವು ಮೊದಲು ಕೊಡುವುದು ವಿನಾಯಿತಿಯನ್ನು. ನಮ್ಮ ತಕರಾರು ಇರುವುದು ಈ ಹಿಂದುಮುಂದಿನ ಬಗ್ಗೆ.

ಹೀಗೆ ವಿಷಯ ಬದಲಿಸಿ ಕಳಿಸುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಅಬ್ರಹಾಂ ನೆಮೆತ್ (1918-2013) ಹುಟ್ಟಿನಿಂದ ಅಂಧರು. ಗಣಿತ ಅಂಧರಿಗೆ ಆಗದು ಎಂಬ ಸಲಹೆಗೆ ಮಣಿದು ಅವರು ಮನಃಶಾಸ್ತ್ರ ಓದಿ ಸ್ನಾತಕೋತ್ತರ ಪದವಿ ಪಡೆದರು. ಆ ಪದವಿಗೆ ತಕ್ಕ ಕೆಲಸ ಸಿಗಲಿಲ್ಲ. ಹೇಗೂ ನಿರುದ್ಯೋಗಿಯೇ ಆಗಿರುವುದಾದರೆ ಇಷ್ಟದ ಗಣಿತವನ್ನೇ ಓದಿ ನಿರುದ್ಯೋಗಿಯಾಗಬಾರದೇ ಎಂದು ಅವರ ಪತ್ನಿ ಕೇಳಿದರಂತೆ. ನೆಮೆತ್ ಗಣಿತಕ್ಕೆ ಮರಳಿದರು, 1955ರಿಂದ ಮೂವತ್ತು ವರ್ಷ ಡೆಟ್ರಾಯಿಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಅವರು ರೂಪಿಸಿದ ಬ್ರೈಲ್ ಗಣಿತ ಸಂಕೇತಗಳು ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿವೆ. ನೆರೆಯ ಆಂಧ್ರದ ಶ್ರೀಕಾಂತ್ ಬೊಲ್ಲಾ ಹನ್ನೊಂದನೇ ತರಗತಿಯಲ್ಲಿ ವಿಜ್ಞಾನ ಓದುವ ಹಕ್ಕಿಗಾಗಿಯೇ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಮುಂದೆ ಅವರು ಅಮೆರಿಕದ ಎಂಐಟಿಯಲ್ಲಿ ಓದಿ ಬಂದು ಉದ್ಯಮ ಕಟ್ಟಿದರು.

ನಮ್ಮ ರಾಜ್ಯದಲ್ಲೇ ವಿದ್ಯಾ ವೈ. ಇದ್ದಾರೆ. ಹುಟ್ಟಿನಿಂದ ದೃಷ್ಟಿಯಿಲ್ಲದ, ಬೆಂಗಳೂರಿನ ಸಮೀಪದ ಹಳ್ಳಿಯಿಂದ ಬಂದ ಈ ಹೆಣ್ಣುಮಗಳು ಸಾಧನಗಳ ಕೊರತೆಯ ನಡುವೆಯೇ ಗಣಿತ ಓದಿದರು. ಬೆಂಗಳೂರಿನ ಐಐಐಟಿಯಲ್ಲಿ ಚಿನ್ನದ ಪದಕದೊಂದಿಗೆ ಸ್ನಾತಕೋತ್ತರ ಪದವಿ ಪಡೆದರು. ತಾನು ಪಟ್ಟ ಪಾಡು ಬೇರೆ ಮಕ್ಕಳಿಗೆ ಬೇಡವೆಂದು 2017ರಲ್ಲಿ ಸಂಗಡಿಗರೊಂದಿಗೆ ವಿಷನ್ ಎಂಪವರ್ ಎಂಬ ಸಂಸ್ಥೆ ಆರಂಭಿಸಿದರು. ಅಂಧ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸುವ ಸಾಮಗ್ರಿಯನ್ನೂ ಶಿಕ್ಷಕರಿಗೆ ತರಬೇತಿಯನ್ನೂ ಆ ಸಂಸ್ಥೆ ಕೊಡುತ್ತಿದೆ. ಇಂಥವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಪವಾಡವೆಂದು ಹೊಗಳುವುದು ನಮಗೆ ಅಭ್ಯಾಸ. ಪವಾಡವೆಂದರೆ ನಮ್ಮ ಹೊಣೆ ತಪ್ಪುತ್ತದೆ. ಒಬ್ಬರಿಗೆ ಸಾಧ್ಯವಾದದ್ದು ಉಳಿದವರಿಗೆ ಯಾಕೆ ಆಗಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ವಿಜ್ಞಾನಕ್ಕೆ ಬದಲಾಗಿ ಸಂಗೀತ ಎಂಬ ಏರ್ಪಾಡಿನಲ್ಲಿ ನಮ್ಮ ಸಮಾಜದ ಮನಸ್ಸೂ ಕಾಣುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಈ ನಾಡಿನ ಹೆಮ್ಮೆ. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಸ್ವತಃ ಅಂಧರಾಗಿದ್ದು ಅಸಂಖ್ಯ ಅಂಧ ಮಕ್ಕಳಿಗೆ ಅನ್ನ, ಸಂಗೀತ, ಮರ್ಯಾದೆ ಮೂರನ್ನೂ ಕೊಟ್ಟರು. ಮುಸ್ಲಿಮರಲ್ಲೂ ಕುರ್‌ಆನ್ ಕಂಠಪಾಠ ಮಾಡಿದ ಅಂಧ ಹಾಫಿಝರಿಗೆ ದೊಡ್ಡ ಗೌರವವಿದೆ. ಇವೆರಡೂ ಮೆಚ್ಚುವಂಥ ಪರಂಪರೆಗಳು. ಆದರೆ ಎರಡರಲ್ಲೂ ಅಂಧ ಎಂದರೆ ಕಿವಿ ಮತ್ತು ಕಂಠ. ಅವನ ಕೈಯನ್ನು, ಗೆರೆ ಎಳೆಯಬಲ್ಲ, ಆಕಾರ ಕಟ್ಟಬಲ್ಲ ಬೆರಳನ್ನು ನಾವು ಊಹಿಸಿಕೊಳ್ಳಲೇ ಇಲ್ಲ. ಹಾಡಬಲ್ಲ ಮಗು ಹಾಡಲಿ. ಹಾಡಲು ಬಾರದ, ಲೆಕ್ಕದಲ್ಲಿ ಆಸಕ್ತಿಯಿರುವ ಮಗುವಿಗೆ ನಮ್ಮಲ್ಲಿ ಯಾವ ಆಶ್ರಮವಿದೆ?

ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ಹಾಸು ಮತ್ತು ಹೊಕ್ಕು ಎಂದರೇನೆಂದು ಅಲ್ಲಿನ ಹಿರಿಯ ಕಾರ್ಮಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಕ್ಸ್ ಅಕ್ಷ, ವೈ ಅಕ್ಷ ಎಂಬುದೂ ಅದೇ ಹಾಸುಹೊಕ್ಕು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆ ಮುಚ್ಚಿದೆ. ಆದರೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುತ್ತಿದ್ದ ಊರಿಗೆ ಸಮಾನ ಅಂತರದ ರಂಧ್ರಗಳ ಒಂದು ಹಲಗೆ ಮಾಡುವುದು ದೊಡ್ಡ ಮಾತಲ್ಲ. ದಾವಣಗೆರೆಯಲ್ಲಿ 1951ರ ಯುಬಿಡಿಟಿ ಇದೆ, 1979ರ ಬಿಐಇಟಿ ಇದೆ. ಪ್ರತಿವರ್ಷ ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾರೆ. ಅದೇ ಊರಿನ ಅಂಧ ಹೆಣ್ಣುಮಕ್ಕಳ ಕೈಗೆ ಹೊಂದುವ ಗ್ರಾಫ್ ಹಲಗೆ ಅವರಿಗೊಂದು ವಿಷಯವಾಗಬಾರದೇ? ತಮಿಳುನಾಡಿನ ಕಾಟ್ಪಾಡಿಯಲ್ಲಿ ವರ್ತ್ ಟ್ರಸ್ಟ್ ಬ್ರೈಲ್ ಬರೆಯುವ ಯಂತ್ರಗಳನ್ನೂ ಗಣಿತದ ಸಾಧನಗಳನ್ನೂ ತಯಾರಿಸುತ್ತಿದೆ. ಅಲ್ಲಿ ಆಗುವುದು ಇಲ್ಲಿ ಆಗದೆಂದು ಹೇಳಲು ಕಾರಣವಿಲ್ಲ.

ಮಾಡಬೇಕಾದ್ದು ಬಹಳವೇನಿಲ್ಲ. ಒಂದನೇ ತರಗತಿಯಿಂದಲೇ ಮೊಳೆಹಲಗೆ ಮಗುವಿನ ಕೈಯಲ್ಲಿರಬೇಕು. ಒಂಬತ್ತನೇ ತರಗತಿಯಲ್ಲಿ ಒಮ್ಮೆಲೇ ತಂದಿಟ್ಟರೆ ಬೆರಳಿಗೆ ಅದು ಪರಭಾಷೆ. ಕನ್ನಡ ಬ್ರೈಲ್ ಗಣಿತ ಪುಸ್ತಕದಲ್ಲಿ ಪಾಠದ ಜೊತೆಗೆ ಪ್ರತಿಯೊಂದು ಆಕೃತಿಯೂ ಇರಬೇಕು. ಚಿತ್ರ ಬಿಟ್ಟ ಗಣಿತ ಪುಸ್ತಕವನ್ನು ಪೂರ್ಣ ಪುಸ್ತಕವೆಂದು ಒಪ್ಪಬಾರದು. ಪರೀಕ್ಷೆಯಲ್ಲಿ ಮಗು ಪ್ಲಾಸ್ಟಿಕ್ ಹಾಳೆಯ ಮೇಲೆ ತಾನೇ ಗೀಚಿದ ನಕ್ಷೆಯನ್ನು ಉತ್ತರಪತ್ರಿಕೆಗೆ ಲಗತ್ತಿಸಲು ಅವಕಾಶವಿರಬೇಕು. ಊರಿನ ಶಾಲೆಗೆ ಬರುವ ಸಂಪನ್ಮೂಲ ಶಿಕ್ಷಕರ ಚೀಲದಲ್ಲಿ ಹಾಜರಿ ಪುಸ್ತಕದ ಜೊತೆ ಈ ಸಾಮಗ್ರಿಯೂ ಇರಬೇಕು.

ದಾನ ಕೊಡುವ ನಮ್ಮೆಲ್ಲರಿಗೂ ಒಂದು ಮಾತು. ಮಸೀದಿಯ ಮುಂದೆ, ಗುಡಿಯ ಮುಂದೆ, ಅಂಧರ ಶಾಲೆಯ ಊಟದ ದಿನ ನಾವು ಕೈಬಿಚ್ಚಿ ಕೊಡುತ್ತೇವೆ. ಹುಟ್ಟುಹಬ್ಬಕ್ಕೆ ಸಿಹಿ ಹಂಚಿ ಬರುತ್ತೇವೆ. ಮುಂದಿನ ಸಲ ಹೋದಾಗ ಗಣಿತದ ಶಿಕ್ಷಕರನ್ನು ಕಂಡು, ಗ್ರಾಫ್ ಪಾಠಕ್ಕೆ ಮಕ್ಕಳ ಕೈಗೆ ಏನು ಕೊಡುತ್ತೀರಿ ಎಂದು ವಿಚಾರಿಸೋಣ. ಏನೂ ಇಲ್ಲವೆಂದರೆ ಆ ಸಲದ ಸಿಹಿಯ ಹಣದಲ್ಲಿ ಹಲಗೆಗಳನ್ನು ಮಾಡಿಸಿಕೊಡೋಣ. ಹಲಗೆ ಬಳಸಿ ಕಲಿತ ಮೇಲೂ ಒಂದು ಮಗು ತನಗೆ ಗಣಿತ ಬೇಡ, ಸಮಾಜಶಾಸ್ತ್ರವೇ ಇಷ್ಟ ಎಂದರೆ ಸಂತೋಷ, ಅದನ್ನೇ ಓದಲಿ. ಆಗ ಮಾತ್ರ ಅದನ್ನು ಆಯ್ಕೆ ಎಂದು ಕರೆಯಬಹುದು.